ಬಂಡಾ, ರೋಟೆ, ಸುಂಬಾ, ಅರ್ಬೊರೆಕ್: ನೋಡಲು ಯಾವುದು, ಇರಲು ಯಾವುದು, ದುಡ್ಡು ಹಾಕಲು ಯಾವುದು?

ಇಂಡೊನೇಷ್ಯಾದ ಈ ನಾಲ್ಕು ದ್ವೀಪಗಳೂ ಫೋಟೊದಲ್ಲಿ ಒಂದೇ ತರಹ ಕಾಣುತ್ತವೆ. ಬಿಳಿ ಮರಳು, ಬಾಗಿದ ತೆಂಗಿನ ಮರ, ತಳ ಕಾಣುವ ನೀರು, ದಡದಲ್ಲಿ ಬಣ್ಣ ಬಳಿದ ಒಂದು ದೋಣಿ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಿಂದ ಬಾಲಿಗೆ ನೇರ ವಿಮಾನ ಶುರುವಾದ ಮೇಲೆ ಪರಿಚಯದವರಿಂದ ನನಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ: "ಬಾಲಿ ಗಿಜಿಗಿಜಿ ಅಂತೆ ಮಾರಾಯಾ. ಅದರಾಚೆ ಒಂದು ಸಣ್ಣ ದ್ವೀಪದ ಹಳ್ಳಿ ಹೇಳು. ಚೆನ್ನಾಗಿದ್ರೆ ಒಂದು ತುಂಡು ಜಾಗ ತಗೊಂಡು ಬಿಡೋಣ."

ಈ ಒಂದು ಮಾತಿನೊಳಗೆ ಮೂರು ಬೇರೆ ಬೇರೆ ಆಸೆಗಳು ಕೂತಿವೆ. ಹೋಗಿ ನೋಡುವುದು, ಹೋಗಿ ಇರುವುದು, ಹೋಗಿ ದುಡ್ಡು ಹಾಕುವುದು. ಮೂರಕ್ಕೂ ಒಂದೇ ಊರು ಒದಗುವುದಿಲ್ಲ. ನಾನು ಊರುಗಳನ್ನು ಅಳೆಯುವುದು ಕಡಲತೀರ ನೋಡಿ ಅಲ್ಲ. ದೋಣಿ ಬರದ ದಿನ ಆ ಊರು ಹೇಗಿರುತ್ತದೆ, ಕುಡಿಯುವ ನೀರು ಎಲ್ಲಿಂದ ಬರುತ್ತದೆ, ಕಾಲಡಿಯ ನೆಲ ಯಾರದ್ದು: ಈ ಮೂರು ಕೇಳಿದರೆ ಒಂದೇ ತರಹ ಕಂಡ ಹಳ್ಳಿಗಳು ತಾವಾಗಿಯೇ ಬೇರೆ ಬೇರೆ ಆಗುತ್ತವೆ.

ಇಂಡೊನೇಷ್ಯಾದಲ್ಲಿ 17,000ಕ್ಕೂ ಹೆಚ್ಚು ದ್ವೀಪಗಳಿವೆ. ಇಲ್ಲಿ ನಾಲ್ಕನ್ನು ಮಾತ್ರ ತೆಗೆದುಕೊಂಡಿದ್ದೇನೆ, ಏಕೆಂದರೆ ಒಂದೊಂದೂ ಒಂದೊಂದು ಬಗೆಯದು.

ಬಂಡಾ ನೈರಾ: ಜಾಯಿಕಾಯಿಯ ತವರು

ಇದನ್ನು ಮೊದಲು ಹೇಳುವುದರಲ್ಲಿ ನನ್ನ ಸ್ವಾರ್ಥವಿದೆ. ನಾನು ಶಿರಸಿ ಕಡೆಯವನು. ನಮ್ಮ ಅಡಿಕೆ ತೋಟದ ನಡುವೆ ಏಳೆಂಟು ಜಾಯಿಕಾಯಿ ಮರಗಳಿವೆ. ಆ ಮರದ ತವರೂರು ಬಂಡಾ. ಹದಿನೆಂಟನೇ ಶತಮಾನದ ಕೊನೆಯವರೆಗೂ ಪ್ರಪಂಚದ ಜಾಯಿಕಾಯಿ, ಜಾಪತ್ರೆಯ ಬಹುಪಾಲು ಬರುತ್ತಿದ್ದುದು ಈ ಪುಟ್ಟ ದ್ವೀಪಗಳಿಂದಲೇ. ಅದಕ್ಕೆ ಅಲ್ಲಿನ ಜನ ತೆತ್ತ ಬೆಲೆ ಭಯಂಕರ. 1621ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಯಾನ್ ಪೀಟರ್‌ಸೂನ್ ಕೂನ್ ದಂಡು ಕಟ್ಟಿಕೊಂಡು ಬಂದು ಮೂಲ ಬಂಡಾ ಜನರಲ್ಲಿ ಬಹುಪಾಲು ಮಂದಿಯನ್ನು ಕೊಂದ, ಇಲ್ಲವೇ ಊರು ಬಿಡಿಸಿದ. ಪಕ್ಕದ ರುನ್ ದ್ವೀಪದ ಮೇಲಿನ ಹಕ್ಕನ್ನು ಇಂಗ್ಲಿಷರು ಬಿಟ್ಟುಕೊಟ್ಟಿದ್ದು 1667ರ ಬ್ರೆಡಾ ಒಪ್ಪಂದದಲ್ಲಿ. ಅದೇ ಒಪ್ಪಂದದಲ್ಲಿ ಇವತ್ತಿನ ನ್ಯೂಯಾರ್ಕಿನ ಮ್ಯಾನ್‌ಹಟನ್ ಇಂಗ್ಲಿಷರ ಕೈಯಲ್ಲೇ ಉಳಿಯಿತು. ಇವತ್ತು ರುನ್‌ನಲ್ಲಿ ನಿಂತು ಇದನ್ನು ನೆನೆದರೆ ನಗು ಬರುತ್ತದೆ. ಅಲ್ಲಿ ಇರುವುದು ಒಂದು ಹಳ್ಳಿ, ಒಂದಿಷ್ಟು ತೋಟ, ಅಷ್ಟೆ.

ಬಂಡಾ ಬೆಸಾರ್ ದ್ವೀಪದ ತೋಟಕ್ಕೆ ಹೋದಾಗ ನನಗೆ ಮನೆಗೆ ಬಂದ ಹಾಗೆ ಆಯಿತು. ಎತ್ತರದ ಕೆನಾರಿ ಮರಗಳ ನೆರಳು, ಕೆಳಗೆ ಜಾಯಿಕಾಯಿ. ಕೊಯ್ಯಲು ಉದ್ದ ಬಿದಿರಿನ ಗಳ, ತುದಿಗೆ ಹೆಣೆದ ಸಣ್ಣ ಬುಟ್ಟಿ. ಗಾಯ್-ಗಾಯ್ ಅನ್ನುತ್ತಾರೆ. ನಮ್ಮ ದೋಟಿಗೆ ಬುಟ್ಟಿ ಕಟ್ಟಿದ ಹಾಗೆ. ಕಾಯಿ ನೆಲಕ್ಕೆ ಬಿದ್ದು ಜಜ್ಜಿಹೋಗುವುದಿಲ್ಲ. ಒಬ್ಬ ಅಜ್ಜಿ ಅಂಗಳದಲ್ಲಿ ಮೊರದ ತುಂಬ ಕೆಂಪು ಜಾಪತ್ರೆ ಹರವಿಕೊಂಡು ಕೂತಿದ್ದರು. ಪಕ್ಕದಲ್ಲಿ ಕಾಯಿಯ ಹಳದಿ ತಿರುಳನ್ನು ತೆಳ್ಳಗೆ ಹೆಚ್ಚಿ ಸಕ್ಕರೆ ಹಾಕಿ ಒಣಗಿಸಿದ ಮಿಠಾಯಿ. ನಮ್ಮಲ್ಲಿ ಒಂದಿಷ್ಟು ಉಪ್ಪಿನಕಾಯಿಗೆ ಹೋಗುತ್ತದೆ, ಉಳಿದದ್ದು ಮರದ ಬುಡದಲ್ಲೇ ಕೊಳೆಯುತ್ತದೆ. ಮೊಬೈಲಿನಲ್ಲಿ ನಮ್ಮ ತೋಟದ ಫೋಟೊ ತೋರಿಸಿದೆ. ಅಜ್ಜಿ ತೋಟ ನೋಡಲೇ ಇಲ್ಲ. ಕೇಳಿದ್ದು ಒಂದೇ: "ನಿಮ್ಮಲ್ಲಿ ಕಿಲೋಗೆ ಎಷ್ಟು ಕೊಡ್ತಾರೆ?"

ನೋಡುವುದಕ್ಕೆ ನಾಲ್ಕರಲ್ಲಿ ನನ್ನ ಮೊದಲ ಆಯ್ಕೆ ಬಂಡಾ. ಬೆಲ್ಜಿಕಾ ಕೋಟೆ, ಎದುರಿಗೇ ನೀರಿನಿಂದ ಎದ್ದು ನಿಂತ ಗುನುಂಗ್ ಅಪಿ ಜ್ವಾಲಾಮುಖಿ (1988ರಲ್ಲಿ ಸ್ಫೋಟಿಸಿತ್ತು), ಇಂಡೊನೇಷ್ಯಾದ ಸ್ವಾತಂತ್ರ್ಯ ಹೋರಾಟದ ನಾಯಕರಾದ ಮೊಹಮ್ಮದ್ ಹತ್ತಾ ಮತ್ತು ಸುತಾನ್ ಶಹ್ರೀರ್ 1936ರಿಂದ ಗಡಿಪಾರಾಗಿ ಕಳೆದ ಮನೆಗಳು. ಎಲ್ಲವೂ ನಡೆದು ಮುಟ್ಟುವಷ್ಟು ಹತ್ತಿರ.

ಇರುವುದಕ್ಕೆ? ದೋಣಿಯ ಲೆಕ್ಕ ಹಾಕಿ. ಬೆಂಗಳೂರಿನಿಂದ ಬಾಲಿ, ಅಲ್ಲಿಂದ ಮಕಾಸ್ಸರ್ ಮೇಲೆ ಅಂಬೊನ್, ಅಂಬೊನ್‌ನಿಂದ ಹವಾ ಚೆನ್ನಾಗಿರುವ ತಿಂಗಳುಗಳಲ್ಲಿ ವಾರಕ್ಕೆ ಒಂದೆರಡು ಸಲ ಆರು ಗಂಟೆಯ ವೇಗದ ದೋಣಿ. ಇಲ್ಲವೇ ಪೆಲ್ನಿ ಕಂಪನಿಯ ದೊಡ್ಡ ಹಡಗು, ಅದು ಬಂದಾಗ. ಜೂನ್‌ನಿಂದ ಆಗಸ್ಟ್‌ವರೆಗೆ ಮತ್ತು ಜನವರಿ, ಫೆಬ್ರವರಿಯಲ್ಲಿ ಸಮುದ್ರ ಒರಟು. ಹೋಗುವುದಿದ್ದರೆ ಅಕ್ಟೋಬರ್, ನವೆಂಬರ್ ಅಥವಾ ಏಪ್ರಿಲ್. ವಾಪಸ್ ವಿಮಾನದ ಟಿಕೆಟ್‌ಗೂ ದೋಣಿಗೂ ನಡುವೆ ಮೂರು ದಿನ ಬಿಡಿ. ಒಂದು ದಿನ ಬಿಟ್ಟವರು ಅಂಬೊನ್‌ನಲ್ಲಿ ಹೊಸ ಟಿಕೆಟ್ ತೆಗೆಯುವುದನ್ನು ನಾನೇ ನೋಡಿದ್ದೇನೆ.

ರೋಟೆಯ ನೆಂಬೆರಾಲಾ: ತಾಳೆ ಮರದ ಊರು

ಇಂಡೊನೇಷ್ಯಾದ ದಕ್ಷಿಣದ ತುದಿ ಇದು. ಬಾಲಿಯಿಂದ ಕುಪಾಂಗ್‌ಗೆ ವಿಮಾನ, ಕುಪಾಂಗ್‌ನಿಂದ ಬಾಆ ಊರಿಗೆ ಎರಡು ಗಂಟೆಯ ವೇಗದ ದೋಣಿ, ಅಲ್ಲಿಂದ ರಸ್ತೆಯಲ್ಲಿ ಸುಮಾರು ಒಂದು ಗಂಟೆ. ಸಣ್ಣ ವಿಮಾನವೂ ಇದೆ. ಹೊರಗಿನವರು ಇಲ್ಲಿಗೆ ಬರುವುದು ಮುಖ್ಯವಾಗಿ ಸರ್ಫಿಂಗ್‌ಗೆ, ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ. ನನಗೆ ಈಜು ಬಂದರೂ ಆ ಅಲೆ ಹತ್ತುವ ಧೈರ್ಯ ಇಲ್ಲ, ಹಾಗಾಗಿ ಅದರ ಬಗ್ಗೆ ಸುಮ್ನೆ ಬರೆಯುವುದಿಲ್ಲ.

ನನ್ನನ್ನು ಹಿಡಿದದ್ದು ತಾಳೆ ಮರ. ಅಲ್ಲಿ ಲೊಂತಾರ್ ಅನ್ನುತ್ತಾರೆ. ನಮ್ಮ ತಾಟಿನಿಂಗು ಕೊಡುವ ಅದೇ ಮರ, ನಮ್ಮ ಹಳೆಯ ತಾಳೆಗರಿ ಓಲೆಗಳ ಅದೇ ಮರ. ಆ ಹೆಸರಿನ ಬಾಲದಲ್ಲಿರುವುದೂ ನಮ್ಮ 'ತಾಳ'ವೇ. ರೋಟೆಯ ಜನ ಶತಮಾನಗಳಿಂದ ಬದುಕಿದ್ದು ಈ ಮರದ ರಸದಿಂದ. ಬೆಳಿಗ್ಗೆ ಸಂಜೆ ಎರಡು ಹೊತ್ತು ಮರ ಹತ್ತುತ್ತಾರೆ. ರಸ ಇಳಿಸುವ ಪಾತ್ರೆ 'ಹೈಕ್' ಕೂಡ ಅದೇ ಗರಿಯನ್ನು ಮಡಿಚಿ ಮಾಡಿದ್ದು. ಸಾಸಾಂಡೊ ಅನ್ನುವ ತಂತಿವಾದ್ಯಕ್ಕೆ ಬುರುಡೆಯೂ ಅದೇ ಗರಿ, ತಲೆಯ ಟೊಪ್ಪಿಯೂ ಅದೇ. ರಸವನ್ನು ಒಲೆಯ ಮೇಲೆ ಕಾಯಿಸಿ 'ಗುಲಾ ಆಯಿರ್' ಮಾಡುತ್ತಾರೆ. ಪದಕ್ಕೆ ಪದ ಹೇಳಿದರೆ ನೀರುಸಕ್ಕರೆ. ಲೋಟದಲ್ಲಿ ಕೊಟ್ಟಾಗ ಬಾಯಿಗಿಟ್ಟ ತಕ್ಷಣ ಗೊತ್ತಾಯಿತು: ಇದು ಜೋನಿಬೆಲ್ಲ! ಕಬ್ಬಿನದ್ದಲ್ಲ, ಸ್ವಲ್ಪ ಹೊಗೆಯ ವಾಸನೆ ಜಾಸ್ತಿ. ದೋಸೆ ಮಾತ್ರ ಇರಲಿಲ್ಲ.

ನಾನು ಅಲ್ಲಿ ಸಿಕ್ಕಿಹಾಕಿಕೊಂಡಿದ್ದು ಜನವರಿಯಲ್ಲಿ. ಗಾಳಿ ಎದ್ದಿತು, ಬಂದರಿನಲ್ಲಿ ದೋಣಿ ನಿಲ್ಲಿಸಿದರು. ಮೊದಲ ದಿನ ರಜೆ ಸಿಕ್ಕ ಖುಷಿ. ಎರಡನೇ ದಿನ ಅಂಗಡಿಯಲ್ಲಿ ಮೊಟ್ಟೆ, ಟೊಮೇಟೊ ಖಾಲಿ. ಮೂರನೇ ದಿನ ಮೂರು ಹೊತ್ತೂ ಇಂಡೊಮೀ ನೂಡಲ್ಸ್. ನಾಲ್ಕನೇ ದಿನ ಉಳಿದುಕೊಂಡಿದ್ದ ಮನೆಯ 'ಮಾಮಾ' (ಅಲ್ಲಿ ಅಮ್ಮನ ವಯಸ್ಸಿನವರನ್ನು ಹಾಗೆ ಕರೆಯುವುದು, ನಮ್ಮ ಮಾಮ ಅಲ್ಲ) ಹಿತ್ತಲಿನಿಂದ ನುಗ್ಗೆಸೊಪ್ಪು ಕೊಯ್ದು ತಂದರು. ಜೋಳ ಕುಟ್ಟಿ ಕಾಳು, ತೆಂಗಿನಹಾಲು ಹಾಕಿ ಬೇಯಿಸಿದರು. ಜಗುಂಗ್ ಬೊಸೆ ಅಂತ ಅದರ ಹೆಸರು. ಅಷ್ಟು ರುಚಿಯ ಊಟವನ್ನು ದೋಣಿ ಬರುತ್ತಿದ್ದ ದಿನಗಳಲ್ಲಿ ನನಗೆ ಯಾರೂ ಬಡಿಸಿರಲಿಲ್ಲ, 'ಪಟ್ಟಣದವರಿಗೆ ಇದು ಸೇರಲ್ಲ' ಅಂತ. ಆ ಊರಿನಲ್ಲಿ ಇರಬಹುದು ಅಂತ ನನಗೆ ಅನ್ನಿಸಿದ್ದು ಆವತ್ತೇ.

ಇರುವುದಕ್ಕೆ ನಾಲ್ಕರಲ್ಲಿ ನಾನು ನೆಂಬೆರಾಲಾಕ್ಕೆ ಓಟು ಹಾಕುತ್ತೇನೆ. ಹೊರಗಿನಿಂದ ಬಂದು ವರ್ಷಗಟ್ಟಲೆ ಇರುವವರು ಈಗಾಗಲೇ ಇದ್ದಾರೆ. ರಸ್ತೆ ಇದೆ, ಕರೆಂಟ್ ಇದೆ. 2024ರ ಮೇನಲ್ಲಿ ಉಪಗ್ರಹದ ಮೂಲಕ ಇಂಟರ್‌ನೆಟ್ ಕೊಡುವ ಸ್ಟಾರ್‌ಲಿಂಕ್ ಇಂಡೊನೇಷ್ಯಾಕ್ಕೆ ಬಂದ ಮೇಲೆ ಇಂಥ ಊರುಗಳಲ್ಲಿ ಇಂಟರ್‌ನೆಟ್ ಕೂಡ ಕೆಲಸ ಮಾಡುವ ಮಟ್ಟಕ್ಕೆ ಬಂದಿದೆ. ಕೊರತೆ ನೀರಿನದು. ವರ್ಷದಲ್ಲಿ ಎಂಟು ತಿಂಗಳು ಒಣ ಹವೆ, ನಮ್ಮ ಪಾವಗಡ ಸಮುದ್ರದ ಪಕ್ಕ ಇದ್ದ ಹಾಗೆ. ಮನೆ ನೋಡಲು ಹೋದರೆ ಸಮುದ್ರ ಕಾಣುತ್ತದಾ ಅಂತ ಕೇಳಬೇಡಿ, ಬಾವಿ ನೀರು ಕುಡಿದು ನೋಡಿ. ಸೆಪ್ಟೆಂಬರ್‌ನಲ್ಲಿ ಉಪ್ಪಾಗದ ಬಾವಿ ಇದ್ದರೆ ಆ ಮನೆ ಒಳ್ಳೆಯದು.

ಇನ್ನೊಂದು ವಿಷಯ. ಇಲ್ಲಿನ ಬಹಳ ಕುಟುಂಬಗಳಿಗೆ ಕಡಲಪಾಚಿ ಬೆಳೆಯೇ ಆದಾಯ. 2009ರ ಆಗಸ್ಟ್‌ನಲ್ಲಿ ಆಸ್ಟ್ರೇಲಿಯಾ ಕಡೆಯ ಮೊಂಟಾರಾ ತೈಲಬಾವಿ ಒಡೆದು ಎಣ್ಣೆ ಹರಿದಾಗ ಆ ಬೆಳೆ ಸತ್ತಿತು. ರೋಟೆಯ ರೈತ ಡೇನಿಯಲ್ ಸಾಂಡಾ ಮುಂದೆ ನಿಂತು, 15,000ಕ್ಕೂ ಹೆಚ್ಚು ಬೆಳೆಗಾರರ ಪರವಾಗಿ ಆಸ್ಟ್ರೇಲಿಯಾದ ಕೋರ್ಟಿನಲ್ಲಿ ಮೊಕದ್ದಮೆ ಹೂಡಿದರು. 2021ರಲ್ಲಿ ಗೆದ್ದರು. 2022ರಲ್ಲಿ 19.25 ಕೋಟಿ ಆಸ್ಟ್ರೇಲಿಯನ್ ಡಾಲರಿಗೆ ರಾಜಿಯಾಯಿತು. ಹದಿಮೂರು ವರ್ಷ ಹಿಡಿಯಿತು. ಹಳ್ಳಿಯವರಿಗೆ ಕಾಗದಪತ್ರ ಗೊತ್ತಾಗಲ್ಲ ಅಂದುಕೊಂಡು ಜಾಗ ಕೇಳಲು ಹೋಗುವವರಿಗೆ ಇದು ಗೊತ್ತಿರಲಿ.

ಸುಂಬಾ: ಎಲ್ಲರೂ ಜಾಗ ಕೇಳುವ ಊರು

ಹಿಂದೆ ಇದನ್ನು ಶ್ರೀಗಂಧದ ದ್ವೀಪ ಅನ್ನುತ್ತಿದ್ದರು. ನಮ್ಮ ಮೈಸೂರಿನ ಗಂಧದ ಮರದ ಜಾತಿಯೇ. ಬಹುಪಾಲು ಕಡಿದು ಮುಗಿಸಿದ್ದಾರೆ. ಇಲ್ಲಿನ ಪುಟ್ಟ ತಳಿಯ ಕುದುರೆಗೆ ಮಾತ್ರ ಆ ಹೆಸರು ಉಳಿದಿದೆ. ಫೆಬ್ರವರಿ, ಮಾರ್ಚ್‌ನಲ್ಲಿ ಆ ಕುದುರೆ ಏರಿ ಈಟಿ ಎಸೆಯುವ ಪಸೋಲಾ ಹಬ್ಬ ನಡೆಯುತ್ತದೆ. ದಿನ ಗೊತ್ತುಮಾಡುವುದು ಸಮುದ್ರದ ಹುಳ ದಡಕ್ಕೆ ಬರುವುದನ್ನು ನೋಡಿ, ಹಾಗಾಗಿ ಎರಡು ತಿಂಗಳು ಮೊದಲೇ ಟಿಕೆಟ್ ತೆಗೆದು ಹೋಗುವ ಹಬ್ಬ ಅಲ್ಲ. ಬಾಲಿಯಿಂದ ತಂಬೊಲಕಾಗೆ ನೇರ ವಿಮಾನ ಇರುವುದರಿಂದ ನಾಲ್ಕರಲ್ಲಿ ತಲುಪಲು ಇದೇ ಸುಲಭ. ದೋಣಿಯ ತಲೆನೋವೇ ಇಲ್ಲ.

ಸುಲಭ ಆಗಿರುವುದೇ ಇಲ್ಲಿ ತೊಂದರೆ. "ಇದೇ ಮುಂದಿನ ಬಾಲಿ" ಅನ್ನುವ ಮಾತು ಕೇಳಿದ ಕೂಡಲೇ ನಾನು ಜೇಬು ಮುಟ್ಟಿ ನೋಡಿಕೊಳ್ಳುತ್ತೇನೆ. ಪಶ್ಚಿಮ ಸುಂಬಾದಲ್ಲಿ ಒಬ್ಬ ದಲ್ಲಾಳಿ ನನ್ನನ್ನೂ ಒಂದು ಜಾಗಕ್ಕೆ ಕರೆದುಕೊಂಡು ಹೋಗಿದ್ದ. ನಾನು ಕೊಳ್ಳಲು ಬಂದವನಲ್ಲ ಅಂದರೂ ಬಿಡಲಿಲ್ಲ. ಗುಡ್ಡದ ಇಳಿಜಾರು, ಕೆಳಗೆ ಸಮುದ್ರ. ಫೈಲಿನಲ್ಲಿ ಜೆರಾಕ್ಸ್ ಮಾಡಿದ ಒಂದು ಸರ್ಟಿಫಿಕೇಟ್. ಐದು ನಿಮಿಷದಲ್ಲಿ ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡ ಮುದುಕರೊಬ್ಬರು ಬಂದರು (ಅಲ್ಲಿ ಗಂಡಸರು ಕತ್ತಿ ಇಟ್ಟುಕೊಳ್ಳುವುದು ನಮ್ಮಲ್ಲಿ ಹೆಗಲಿಗೆ ಟವೆಲ್ ಹಾಕಿಕೊಂಡ ಹಾಗೆ). ಸಿಟ್ಟೇನೂ ಮಾಡಲಿಲ್ಲ. ಜಾಗದ ನಡುವಿನ ದೊಡ್ಡ ಕಲ್ಲಿನ ಗೋರಿ ತೋರಿಸಿ, "ಅದರೊಳಗೆ ನಮ್ಮಜ್ಜ ಇದ್ದಾರೆ" ಅಂದರು. ದಲ್ಲಾಳಿ ಫೈಲು ಮುಚ್ಚಿದ.

ಎಲ್ಲ ಜಗಳವೂ ಹೀಗೆ ತಣ್ಣಗೆ ಮುಗಿಯುವುದಿಲ್ಲ. 2018ರ ಏಪ್ರಿಲ್‌ನಲ್ಲಿ ಪಶ್ಚಿಮ ಸುಂಬಾದ ಮರೋಸಿ ಕಡಲತೀರದಲ್ಲಿ ಜಮೀನು ಅಳತೆಯನ್ನು ವಿರೋಧಿಸಿದ ಪ್ರತಿಭಟನೆಯಲ್ಲಿ ಒಬ್ಬ ರೈತ ಗುಂಡು ತಗುಲಿ ಸತ್ತ. ನೋಡಲು ಸುಂಬಾ ಅದ್ಭುತ, ವಿಶೇಷವಾಗಿ ಇಕತ್ ನೇಯ್ಗೆ ಇಷ್ಟಪಡುವವರಿಗೆ. ಜಾಗ ಕೊಳ್ಳಲು ನನ್ನ ಪಟ್ಟಿಯಲ್ಲಿ ಕೊನೆಯದು.

ಅರ್ಬೊರೆಕ್: ನೀವು ಅತಿಥಿ, ಅಷ್ಟೆ

ಪಪುವಾ ಕಡೆಯ ರಾಜಾ ಅಂಪತ್‌ನಲ್ಲಿ ಒಂದು ಚಪ್ಪಟೆ ಪುಟ್ಟ ದ್ವೀಪ. ಸೊರೊಂಗ್‌ಗೆ ವಿಮಾನ, ವೈಸಾಯ್‌ಗೆ ಎರಡು ಗಂಟೆ ದೋಣಿ, ಆಮೇಲೆ ಇನ್ನೊಂದು ಸಣ್ಣ ದೋಣಿ. ಪ್ರಪಂಚದ ಹವಳದ ಜಾತಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಈ ಸಮುದ್ರದಲ್ಲಿವೆ. ಕಟ್ಟೆಯ ತುದಿಯಿಂದ ಕಾಲು ಇಳಿಬಿಟ್ಟು ಕೂತರೂ ಮೀನಿನ ಹಿಂಡು ಕಾಣುತ್ತದೆ. ಹೋಂಸ್ಟೇಗಳು ಊರಿನ ಕುಟುಂಬಗಳದ್ದೇ. ಮೂರು ಹೊತ್ತಿನ ಊಟ ಸೇರಿ ಒಬ್ಬರಿಗೆ ದಿನಕ್ಕೆ 4-5 ಲಕ್ಷ ರುಪಿಯಾ ಆಸುಪಾಸು. ಗಾಬರಿಯಾಗಬೇಡಿ, ನಮ್ಮ ಒಂದು ರೂಪಾಯಿಗೆ 185ರಿಂದ 190 ರುಪಿಯಾ ಬರುತ್ತದೆ. ಕೋಣೆಗಿಂತ ದೋಣಿಯ ಪೆಟ್ರೋಲಿಗೇ ಜಾಸ್ತಿ ಖರ್ಚು. ನಾಲ್ಕು ಜನ ಸೇರಿ ಹೋದರೆ ಉಳಿತಾಯ.

ನೆಲ, ದಡ, ಹವಳದ ದಿಬ್ಬ ಎಲ್ಲಕ್ಕೂ ಇಲ್ಲಿ ಕುಲದ ಲೆಕ್ಕವಿದೆ. 'ಸಾಸಿ' ಅಂತ ಒಂದು ಪದ್ಧತಿ: ಇಷ್ಟು ತಿಂಗಳು ಈ ಜಾಗದಲ್ಲಿ ಮೀನು, ಚಿಪ್ಪು ಹಿಡಿಯುವ ಹಾಗಿಲ್ಲ ಅಂತ ಊರೇ ಕಟ್ಟು ಹಾಕುತ್ತದೆ. ಹೂಡಿಕೆಯ ಯೋಚನೆಯನ್ನು ವಿಮಾನದಲ್ಲೇ ಬಿಟ್ಟು ಬನ್ನಿ. ಮಲೇರಿಯಾ ಇರುವ ಪ್ರದೇಶ, ಹೊರಡುವ ಮೊದಲು ಡಾಕ್ಟರನ್ನು ಕಾಣಿ. ಅಕ್ಟೋಬರ್‌ನಿಂದ ಏಪ್ರಿಲ್ ಒಳ್ಳೆಯ ಕಾಲ.

ಜಾಗದ ಕಾಗದ: ನಮ್ಮವರು ಎಡವುವುದು ಇಲ್ಲೇ

ಇಂಡೊನೇಷ್ಯಾದ 1960ರ ಭೂ ಕಾಯ್ದೆ ಪ್ರಕಾರ ಪೂರ್ಣ ಒಡೆತನ, ಅಂದರೆ 'ಹಕ್ ಮಿಲಿಕ್', ಆ ದೇಶದ ಪ್ರಜೆಗಳಿಗೆ ಮಾತ್ರ. ನಮಗಿಲ್ಲ. ಇಲ್ಲಿಂದ ಮುಂದೆ ಯಾರಾದರೂ "ಅದಕ್ಕೊಂದು ದಾರಿ ಇದೆ ಸಾರ್" ಅಂದರೆ ಅದು ಬೇನಾಮಿ. ಅಲ್ಲಿ ನಾಮಿನಿ ಅನ್ನುತ್ತಾರೆ. ಊರಿನವರ ಹೆಸರಿನಲ್ಲಿ ಖರೀದಿ, ಪಕ್ಕದಲ್ಲಿ ಒಂದು ಗುಟ್ಟಿನ ಒಪ್ಪಂದ. ಅದೇ ಕಾಯ್ದೆಯ 26ನೇ ವಿಧಿ ಇಂಥ ವ್ಯವಹಾರವನ್ನು ಅಸಿಂಧು ಅನ್ನುತ್ತದೆ. ಜಾಗ ಸರ್ಕಾರಕ್ಕೆ, ಕೊಟ್ಟ ದುಡ್ಡು ವಾಪಸ್ ಇಲ್ಲ.

ಕಾನೂನಿನ ಒಳಗೆ ಉಳಿಯುವ ದಾರಿಗಳು ಮೂರು. ಗುತ್ತಿಗೆ, ಸಾಮಾನ್ಯವಾಗಿ 25-30 ವರ್ಷಕ್ಕೆ, ನೋಟರಿ ಮುಂದೆ ಬರೆಸಿದ್ದು. ವಾಸದ ಪರವಾನಗಿ ಇದ್ದರೆ 'ಹಕ್ ಪಕಾಯ್', ಅಂದರೆ ಬಳಕೆಯ ಹಕ್ಕು: 30 ವರ್ಷ, ಆಮೇಲೆ 20, ಆಮೇಲೆ 30. ಮೂರನೆಯದು ವಿದೇಶಿ ಬಂಡವಾಳದ ಕಂಪನಿ ಕಟ್ಟುವುದು, ಪಿಟಿ ಪಿಎಂಎ. ಅದಕ್ಕೆ ಜಾಗ, ಕಟ್ಟಡ ಬಿಟ್ಟು 1,000 ಕೋಟಿ ರುಪಿಯಾಗಿಂತ ಜಾಸ್ತಿ ಹೂಡಿಕೆ ತೋರಿಸಬೇಕು. ನಮ್ಮ ಲೆಕ್ಕದಲ್ಲಿ ಐದು ಕೋಟಿ ರೂಪಾಯಿ ದಾಟುತ್ತದೆ. ಹಳ್ಳಿಯಲ್ಲಿ ನಾಲ್ಕು ಕೋಣೆಯ ಹೋಂಸ್ಟೇ ಮಾಡುವವನಿಗೆ ಇದು ಹೊಂದುವ ಮಾತೇ ಅಲ್ಲ.

ದೂರದ ದ್ವೀಪಗಳಲ್ಲಿ ಇನ್ನೊಂದು ಸಿಕ್ಕು. ಬಹಳಷ್ಟು ನೆಲ ಇನ್ನೂ 'ಅದತ್' ನೆಲ, ಕುಲದ ನೆಲ. ಸರ್ಟಿಫಿಕೇಟೇ ಆಗಿಲ್ಲ. ತೋರಿಸುವುದು ಹಳೆಯ ತೆರಿಗೆ ರಸೀದಿ, ಕೆಪಾಲಾ ದೇಸಾ (ಊರಿನ ಮುಖ್ಯಸ್ಥ, ಹೌದು ನಮ್ಮ 'ದೇಶ'ವೇ ಅಲ್ಲಿ ಹಳ್ಳಿ ಆಗಿದೆ) ಬರೆದುಕೊಟ್ಟ ಚೀಟಿ. ಕಂದಾಯ ಕಟ್ಟಿದ ರಸೀದಿ ಇಟ್ಟುಕೊಂಡು ಯಾರಾದರೂ ಸೈಟು ಮಾರಲು ಬಂದರೆ ನೀವು ಏನು ಮಾಡುತ್ತೀರಿ? ಅಲ್ಲೂ ಅದನ್ನೇ ಮಾಡಿ. ಭೂ ಕಚೇರಿಯಲ್ಲಿ ಮೂಲ ಸರ್ಟಿಫಿಕೇಟ್ ತಾಳೆ ನೋಡಿಸದೆ ಮುಂಗಡ ಕೂಡ ಕೊಡಬೇಡಿ. ಕಡಲಿಗೆ ತೀರಾ ಹತ್ತಿರದ ಜಾಗ ಬೇರೆ. ನಮ್ಮ ಸಿಆರ್‌ಝೆಡ್ (ಕರಾವಳಿ ನಿಯಂತ್ರಣ ವಲಯ) ತರಹ, ಅಲ್ಲಿ ಭರತದ ಗೆರೆಯಿಂದ ಕನಿಷ್ಠ 100 ಮೀಟರ್ ಪಟ್ಟಿ ಬಿಡಬೇಕು.

ನಮ್ಮ ಕಡೆಯ ಲೆಕ್ಕವನ್ನೂ ಮರೆಯಬೇಡಿ. ಹೊರದೇಶಕ್ಕೆ ಹಣ ಕಳಿಸಲು ಇರುವ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯ ಅಡಿ ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗೆ ಕಳಿಸಬಹುದು. ಹೂಡಿಕೆಗೆ ಕಳಿಸುವುದು 10 ಲಕ್ಷ ರೂಪಾಯಿ ದಾಟಿದರೆ ದಾಟಿದ ಭಾಗಕ್ಕೆ ಶೇ. 20 ಟಿಸಿಎಸ್ (ಕಳಿಸುವಾಗಲೇ ವಸೂಲಿ ಮಾಡುವ ತೆರಿಗೆ) ಹಿಡಿಯುತ್ತಾರೆ. ಆದಾಯ ತೆರಿಗೆ ರಿಟರ್ನ್‌ನಲ್ಲಿ ವಿದೇಶಿ ಆಸ್ತಿ ಅಂತ ತೋರಿಸಲೇಬೇಕು.

ಇಷ್ಟೆಲ್ಲ ಆದ ಮೇಲೂ ದುಡ್ಡು ಹಾಕುವ ಆಸೆ ಉಳಿದಿದ್ದರೆ, ನಾಲ್ಕರಲ್ಲಿ ನೆಂಬೆರಾಲಾದಲ್ಲಿ ಸರ್ಟಿಫಿಕೇಟ್ ಇರುವ, ಕಟ್ಟಿ ನಿಂತಿರುವ ಒಂದು ಮನೆಯನ್ನು ಗುತ್ತಿಗೆಗೆ ತೆಗೆದುಕೊಳ್ಳಿ. ಮೊದಲು ಎರಡು ವರ್ಷಕ್ಕೆ. ಇದನ್ನು ಲಾಭದ ಲೆಕ್ಕದಲ್ಲಿ ಹೇಳುತ್ತಿಲ್ಲ. ಕಳೆದುಕೊಂಡರೆ ಕಳೆದುಕೊಳ್ಳುವುದು ಬಾಡಿಗೆಯಷ್ಟೇ ಅಂತ ಹೇಳುತ್ತಿದ್ದೇನೆ.

ವೀಸಾ, ಊಟ, ನಗದು

ನಮಗೆ ವಿಮಾನ ನಿಲ್ದಾಣದಲ್ಲೇ ವೀಸಾ ಸಿಗುತ್ತದೆ. 5 ಲಕ್ಷ ರುಪಿಯಾ, 30 ದಿನ, ಒಂದು ಸಲ ಇನ್ನೂ 30 ದಿನ ಹೆಚ್ಚಿಸಬಹುದು. ಅವಧಿ ಮೀರಿದರೆ ದಿನಕ್ಕೆ 10 ಲಕ್ಷ ರುಪಿಯಾ ದಂಡ. ಹಾಗಾಗಿ ವೀಸಾ ಮುಗಿಯುವ ದಿನವನ್ನೇ ದೋಣಿಯ ದಿನ ಮಾಡಿಕೊಳ್ಳಬೇಡಿ. ಈ ವೀಸಾದಲ್ಲಿ ಅಲ್ಲಿ ದುಡಿಯುವಂತಿಲ್ಲ, ಗೆಳೆಯನ ಹೋಂಸ್ಟೇಯಲ್ಲಿ ಸಂಬಳವಿಲ್ಲದೆ ಕೈಜೋಡಿಸಿದರೂ ತೊಂದರೆ ಆಗಬಹುದು. ಭಾರತದ ಕಂಪನಿಗೆ ಅಲ್ಲಿ ಕೂತು ಕೆಲಸ ಮಾಡುವವರಿಗೆ ಬೇರೆ ವೀಸಾ ಇದೆ, ವರ್ಷಕ್ಕೆ 60,000 ಡಾಲರ್ ಆದಾಯ ತೋರಿಸಬೇಕು.

ಸಸ್ಯಾಹಾರಿಗಳಿಗೆ ಸುಂಬಾ, ರೋಟೆ ಪರವಾಗಿಲ್ಲ: ಜೋಳ, ನುಗ್ಗೆ, ಪಪ್ಪಾಯಿ ಎಲೆ, ಕಾಳು. ಅರ್ಬೊರೆಕ್‌ನಲ್ಲಿ ಮೀನು ಬಿಟ್ಟರೆ ಅನ್ನ, ಒಂದು ಸೊಪ್ಪು. ಬಹಳ ಕಡೆ ಸಾಂಬಾಲ್ ಚಟ್ನಿಯಲ್ಲಿ ಸಿಗಡಿಯ ಮುದ್ದೆ ಇರುತ್ತದೆ, ಅದರ ಹೆಸರು ತೆರಾಸಿ. "ತಾನ್ಪಾ ತೆರಾಸಿ" ಅಂದರೆ ಅದು ಬೇಡ ಅಂತ. ಈ ಎರಡು ಪದ ನನ್ನನ್ನು ಕಾಪಾಡಿವೆ. ಉಪ್ಪಿನಕಾಯಿ ಮನೆಯಿಂದಲೇ ಒಯ್ಯಿರಿ.

ಎಟಿಎಂ ಇದ್ದ ಊರಲ್ಲೂ ಅದರೊಳಗೆ ನೋಟು ಇರುತ್ತದೆ ಅಂತ ನಂಬಬೇಡಿ. ಅಂಬೊನ್, ಕುಪಾಂಗ್, ಸೊರೊಂಗ್‌ನಲ್ಲೇ ನಗದು ತೆಗೆದುಕೊಂಡು ದೋಣಿ ಹತ್ತಿ. ಸಿಮ್‌ಗೆ ಟೆಲ್ಕೊಮ್ಸೆಲ್. ಆಸ್ಪತ್ರೆ ಅಂದರೆ ಪುಸ್ಕೆಸ್ಮಾಸ್, ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಹಾಗೆ. ಹೃದಯದ ತೊಂದರೆ ಇರುವ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವುದಾದರೆ ಸುಂಬಾ ಬಿಟ್ಟು ಬೇರೆ ಮೂರನ್ನು ನಾನು ಹೇಳುವುದಿಲ್ಲ. ಸುಂಬಾದಲ್ಲಿ ಕನಿಷ್ಠ ವಿಮಾನವಾದರೂ ಹತ್ತಿರವಿದೆ.

ಹತ್ತು ದಿನ ರಜೆ ಇದ್ದವರು ಬಂಡಾಕ್ಕೆ ಹೋಗಿ. ನೀರಿನೊಳಗೆ ಮುಳುಗುವ ಹುಚ್ಚು ಇದ್ದವರು ಅರ್ಬೊರೆಕ್. ಐದೇ ದಿನ, ಜೊತೆಗೆ ಹಿರಿಯರು ಅಂದರೆ ಸುಂಬಾ. ಇನ್ನು ಅಲ್ಲೇ ಇರುತ್ತೇನೆ ಅನ್ನುವವರು ನೆಂಬೆರಾಲಾದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿಯಿರಿ, ಆದರೆ ಸರ್ಫಿಂಗ್ ಕಾಲದಲ್ಲಿ ಬೇಡ. ಜನವರಿಯಲ್ಲಿ ಹೋಗಿ.